ಎಲೆದುರ್ಗದ ಅರಸನ ಒಸಡು, ಪಂಡಿತನ ಕೆಂಪು ಲೇಪ

ಬನ್ನಿ ಬನ್ನಿ, ಹತ್ತಿರ ಸರಿದು ಕೂತ್ಕೊಳ್ಳಿ. ಬಾಯಲ್ಲಿ ಬೆಲ್ಲ ಗಿಲ್ಲ ಇದ್ದರೆ ಮೊದಲು ನುಂಗಿಬಿಡಿ. ಇದು ಬಾಯಿಯ ಕಥೆ, ಬಾಯಿ ಮುಚ್ಚಿಕೊಂಡು ಕೇಳಬೇಕು.

ಎಲೆದುರ್ಗ ಅಂತ ಒಂದು ರಾಜ್ಯ ಇತ್ತು. ಆ ರಾಜ್ಯದಲ್ಲಿ ಬೊಮ್ಮರಸ ಅಂತ ಒಬ್ಬ ರಾಜ ಇದ್ದ. ರಾಜ ಕೆಟ್ಟವನಲ್ಲ. ಕಳ್ಳರಿಗೆ ಹೆದರುತ್ತಿರಲಿಲ್ಲ, ಹುಲಿಗೆ ಹೆದರುತ್ತಿರಲಿಲ್ಲ, ಪಕ್ಕದ ರಾಜ್ಯದ ದಂಡಿಗೂ ಹೆದರುತ್ತಿರಲಿಲ್ಲ. ಆದರೆ ಒಂದು ದೌರ್ಬಲ್ಯ. ಜನ ತನ್ನನ್ನು ನೋಡಿ ಭಲೆ ಅನ್ನಬೇಕು. ಭಲೆ ಅಂದವನು ಯಾರೇ ಆಗಲಿ, ಅವನ ಮಾತು ರಾಜನಿಗೆ ವೇದವಾಕ್ಯ.

ಆ ರಾಜ್ಯದ ಜನಕ್ಕೆ ಎಲೆ ಅಡಿಕೆ ಅಂದರೆ ಪ್ರಾಣ. ಎದ್ದ ಕೂಡಲೇ ಒಂದು ಸಲ, ಉಂಡ ಮೇಲೆ ಒಂದು ಸಲ, ಜಗಳಕ್ಕೆ ನಿಲ್ಲುವ ಮುಂಚೆ ಇನ್ನೊಂದು ಸಲ. ಬಾಯಿ ಕೆಂಪಗಿದ್ದರೆ ಮರ್ಯಾದಸ್ಥ. ಬಾಯಿ ಬೆಳ್ಳಗಿದ್ದರೆ, "ಅಯ್ಯೋ ಪಾಪ, ಮನೇಲಿ ಯಾರು ಹೋದರು?" ಅಂತ ಕೇಳೋರು. ಯಾಕೆಂದರೆ ಸೂತಕದ ಮೂರು ದಿನ ಮಾತ್ರ ಅಲ್ಲಿ ಯಾರೂ ಎಲೆ ಹಾಕುತ್ತಿರಲಿಲ್ಲ. ಮಿಕ್ಕ ದಿನ ಬೀದಿ ಕೆಂಪು, ಗೋಡೆ ಕೆಂಪು, ಉಗಿದದ್ದೆಲ್ಲ ಕೆಂಪು. ಅಂಥ ಊರಲ್ಲಿ ಒಸಡಿನಿಂದ ರಕ್ತ ಬಂದರೆ ಯಾರ ಕಣ್ಣಿಗೆ ಬೀಳಬೇಕು ಹೇಳಿ? ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಆ ರಾಜ್ಯದಲ್ಲಿ ಒಂದು ಕಟ್ಟಳೆ. ವರ್ಷಕ್ಕೊಮ್ಮೆ ವೀಳ್ಯದ ಹಬ್ಬ. ಆವತ್ತು ರಾಜ ಕೋಟೆ ಬಾಗಿಲಿಗೆ ಬಂದು, ಜನರೆಲ್ಲರ ಎದುರಿಗೆ, ಊರವರು ಕೊಟ್ಟ ಒಂದು ಗೋಟಡಿಕೆಯನ್ನು ಹಲ್ಲಿನಲ್ಲಿ ಕಟಕ್ಕಂತ ಒಡೆಯಬೇಕು. ಗೋಟಡಿಕೆ ಅಂದರೆ ಗೊತ್ತಲ್ಲ, ಕಲ್ಲಿನಂಥ ಒಣ ಅಡಿಕೆ. ಒಡೆದರೆ ಇನ್ನೊಂದು ವರ್ಷ ಅವನೇ ರಾಜ. ಒಡೆಯಲಿಕ್ಕೆ ಆಗದಿದ್ದರೆ ಅವನು ಗದ್ದುಗೆ ಇಳಿಯಬೇಕು, ಒಡೆದವನು ಹತ್ತಬೇಕು. ಇದನ್ನು ಯಾರು ಮಾಡಿದರು, ಯಾಕೆ ಮಾಡಿದರು ಅಂತ ಕೇಳಬೇಡಿ. ಹಳೇ ಕಟ್ಟಳೆಗಳೆಲ್ಲ ಹೀಗೇ, ಮಾಡಿದವರು ಹೋದರು, ಮಾಡಿಸಿಕೊಳ್ಳೋರು ಉಳಿದರು.

ಬೊಮ್ಮರಸ ವರ್ಷಾ ವರ್ಷಾ ಒಡೆಯುತ್ತಿದ್ದ. ಕಟಕ್ ಅಂದರೆ ಸಾಕು, ಜನ ಭಲೇ ಅನ್ನೋರು. ಒಂದು ವರ್ಷ ಅಡಿಕೆ ಒಡೆಯಿತು, ಜನ ಭಲೇ ಅಂದರು, ಆದರೆ ರಾಜನ ಬಾಯಲ್ಲಿ ಒಂದು ಹಲ್ಲು ಅಲ್ಲಾಡಿತು. ರಾಜ ನಗುತ್ತಲೇ ನಿಂತ. ನಾಲಿಗೆಯಿಂದ ಆ ಹಲ್ಲನ್ನು ಮೆಲ್ಲಗೆ ಮುಟ್ಟಿ ನೋಡಿದ. ಅದು ಬಾಗಿಲ ಚಿಲಕದ ಹಾಗೆ ಹಿಂದೆ ಮುಂದೆ ಆಡಿತು.

ಮಾರನೆಯ ದಿನ ಬೆಳಿಗ್ಗೆ ರಾಜ ಎಲೆ ಹಾಕುವ ಮುಂಚೆ ಒಂದು ಸೀಬೆಹಣ್ಣು ಕಚ್ಚಿದ. ಕಚ್ಚಿದ ಜಾಗ ನೋಡುತ್ತಾನೆ, ಬಿಳಿ ತಿರುಳಿನ ಮೇಲೆ ಸಾಲಾಗಿ ಕೆಂಪು. ಎಲೆಯ ಕೆಂಪಲ್ಲ. ಇನ್ನೊಂದು ಕಡೆ ಕಚ್ಚಿದ, ಅಲ್ಲೂ ಕೆಂಪು. ಮತ್ತೊಂದು ಕಡೆ ಕಚ್ಚಿದ, ಅಲ್ಲೂ ಕೆಂಪು. ಹಣ್ಣನ್ನು ಪಂಚೆಯ ಸೆರಗಲ್ಲಿ ಮುಚ್ಚಿಕೊಂಡು ನೇರ ಸೋದರತ್ತೆಯ ಹತ್ತಿರ ಓಡಿದ.

ಸೋದರತ್ತೆ ಪುಟ್ಟಾಜಮ್ಮ. ರಾಜನ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಅರಮನೆಗೇ ಬಂದು ಇದ್ದವಳು. ಅವಳ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ, ಆದರೆ ನಾಲಿಗೆ ಇತ್ತು. ಆ ನಾಲಿಗೆಗೆ ಅರಮನೆಯ ಆನೆಯೂ ಹೆದರುತ್ತಿತ್ತು ಅಂತ ಜನ ಹೇಳೋರು.

"ಅತ್ತೆ, ಇದೇನು ನೋಡು."

"ರಕ್ತ ಕಣೋ. ಬಾಯಿ ತೆಗಿ." ಬೆಳಕಿಗೆ ತಿರುಗಿಸಿ ನೋಡಿದಳು. "ಒಸಡು ಬಾತಿದೆ, ಬುಡ ಕೊಳೀತಾ ಇದೆ. ನನಗೂ ಹೀಗೇ ಆಗಿದ್ದು. ಎಲೆ ಕೆಂಪು ಅಂದುಕೊಂಡು ಸುಮ್ಮನಿದ್ದೆ. ರಕ್ತ ಅಂತ ಗೊತ್ತಾಗೋ ಹೊತ್ತಿಗೆ ಒಂದೊಂದೇ ಹಲ್ಲು ಕೈಗೆ ಬಂತು. ಈಗ ನೋಡು, ಕಡಲೆ ಇದೆ, ಹಲ್ಲಿಲ್ಲ."

"ಹಬ್ಬದ ದಿನ ಅಡಿಕೆ ಒಡೆಯೋದು ಹೇಗೆ ಅತ್ತೆ? ಗದ್ದುಗೆ ಹೋಗುತ್ತೆ!"

"ಗದ್ದುಗೆ ಆಮೇಲೆ ನೋಡೋಣ. ಮೊದಲು ಒಸಡು ನೋಡು."

ಅತ್ತೆ ಹಿತ್ತಲಿಗೆ ಹೋದಳು. ಬೇವಿನ ತೊಗಟೆ ತಂದು ಒಣಗಿಸಿದಳು. ಜಾಲಿ ಚಕ್ಕೆ ತಂದು ಕುಟ್ಟಿದಳು. ಅಳಲೆಕಾಯಿ ಸುಟ್ಟು, ಉಪ್ಪು ಹುರಿದು, ಎಲ್ಲಾ ಸೇರಿಸಿ ತೆಳು ಬಟ್ಟೆಯಲ್ಲಿ ಸೋಸಿ ಎಳ್ಳೆಣ್ಣೆಯಲ್ಲಿ ಕಲಸಿದಳು. ನೋಡಲಿಕ್ಕೆ ಸಗಣಿ, ಬಾಯಿಗಿಟ್ಟರೆ ಕಹಿ, ಒಸಡಿಗೆ ತಾಗಿದರೆ ಉರಿ.

"ಬೆಳಿಗ್ಗೆ ಸಂಜೆ ಬೆರಳಲ್ಲಿ ಮೆತ್ತಗೆ ತೀಡು. ತಿಳಿನೀರಲ್ಲಿ ಮುಕ್ಕಳಿಸು. ಎಲೆ ಅಡಿಕೆ ಬಿಡು. ಮಾಯ ಮಂತ್ರ ಏನಿಲ್ಲ ಇದರಲ್ಲಿ, ದಿನ ಬೇಕು, ತಾಳ್ಮೆ ಬೇಕು" ಅಂದಳು.

ಮೊದಲನೇ ದಿನ ರಾಜ ತೀಡಿದ, ಮುಕ್ಕಳಿಸಿ ಉಗಿದ. ನೀರೆಲ್ಲ ರಕ್ತ. ಎರಡನೇ ದಿನ ತೀಡಿದ, ಉಗಿದ. ಮೊದಲ ದಿನಕ್ಕಿಂತ ಹೆಚ್ಚು ರಕ್ತ. ಮೂರನೇ ದಿನವೂ ಹಾಗೇ. ರಾಜನಿಗೆ ತಲೆ ಕೆಟ್ಟಿತು.

"ಅತ್ತೆ, ಇದು ಮದ್ದೋ ಮಾಟವೋ? ಹಚ್ಚಿದಷ್ಟೂ ರಕ್ತ ಬರುತ್ತಲ್ಲ!"

"ಕೊಳೆ ಹೋಗುವಾಗ ಹಾಗೇನೆ. ಇಷ್ಟು ದಿನ ಕಾಣದೆ ಬರ್ತಿತ್ತು, ಈಗ ಕಂಡು ಬರ್ತಿದೆ."

ರಾಜನಿಗೆ ಈ ಮಾತು ಹಿಡಿಸಲಿಲ್ಲ. ಡಬ್ಬಿ ಎತ್ತಿ ಕಿಟಕಿಯಿಂದಾಚೆ ಎಸೆದ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯಿತು. ಅತ್ತೆ ಏನೂ ಅನ್ನಲಿಲ್ಲ. ಅನ್ನದೆ ಇದ್ದಳು ಅಂದರೆ ಅವಳಿಗೆ ಎಷ್ಟು ನೋವಾಗಿರಬೇಕು, ನೀವೇ ಯೋಚನೆ ಮಾಡಿ.

ರಾಜನ ಹಲ್ಲು ನೋವು ಅಂದರೆ ಸುದ್ದಿಗೆ ಕಾಲು ಬಂದ ಹಾಗೆ. ಊರೂರು ದಾಟಿ ಒಬ್ಬನ ಕಿವಿಗೆ ಬಿತ್ತು. ಅವನ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ಮೈಯೆಲ್ಲ ಕರ್ಪೂರದ ವಾಸನೆ ಬರುತ್ತಿದ್ದುದರಿಂದ ಕರ್ಪೂರ ಪಂಡಿತ ಅಂತ ಕರೆಯೋರು. ಬೆಳ್ಳಿಯ ಭರಣಿಯೊಂದನ್ನು ಹಿಡಿದು ಸಭೆಗೆ ಬಂದ. ಬಂದವನೇ ರಾಜನ ಬಾಯಿ ನೋಡಲಿಲ್ಲ, ಮುಖ ನೋಡಿದ.

"ಭಲೆ! ಎಂಥ ತೇಜಸ್ಸು! ಈ ಬಾಯಿಗೆ ರೋಗವೇ? ದೃಷ್ಟಿ ತಾಗಿದೆ ಅಷ್ಟೇ ಪ್ರಭು. ಇದೋ, ರತ್ನಲೇಪ. ಹಿಮಾಲಯದ ಮೂಲಿಕೆ."

ರಾಜ ಭರಣಿಯ ಮುಚ್ಚಳ ತೆಗೆದ. ಒಳಗೆ ಕೆಂಪಗೆ, ಘಮಘಮ ಅನ್ನೋ ಲೇಪ. ಒಂದು ಬೆರಳು ತೆಗೆದು ಒಸಡಿಗೆ ಹಚ್ಚಿದ. ಆಹಾ, ಸಿಹಿ! ಮೊದಲು ತಣ್ಣಗಾಯಿತು, ಆಮೇಲೆ ಮರಗಟ್ಟಿತು, ಆಮೇಲೆ ನೋವೇ ಇಲ್ಲ.

"ನೀರಲ್ಲಿ ಮುಕ್ಕಳಿಸಬೇಡಿ ಪ್ರಭು, ಗುಣ ತೊಳೆದುಹೋಗುತ್ತೆ. ಹಚ್ಚಿ, ಮೇಲೆ ಒಂದು ವೀಳ್ಯ ಹಾಕಿಬಿಡಿ."

ರಾಜ ಉಗಿದ. ಕೆಂಪು. ಆದರೆ ಲೇಪವೇ ಕೆಂಪಲ್ಲವೇ? ರಕ್ತ ಎಲ್ಲಿದೆ? ಇಲ್ಲವೇ ಇಲ್ಲ! ರಾಜನಿಗೆ ಮೈಮೇಲಿನ ಭಾರ ಇಳಿದ ಹಾಗಾಯಿತು. ಪಂಡಿತನಿಗೆ ಒಂದು ಶಾಲು ಹೊದಿಸಿದ. ಸ್ವಲ್ಪ ದಿನಕ್ಕೆ ಒಂದು ಪಲ್ಲಕ್ಕಿ ಕೊಟ್ಟ. ಇನ್ನೂ ಸ್ವಲ್ಪ ದಿನಕ್ಕೆ ಒಂದು ಊರನ್ನೇ ಬರೆದುಕೊಟ್ಟ. ರಾಜ ಹಚ್ಚಿದ ಮೇಲೆ ಊರು ಸುಮ್ಮನಿರುತ್ತದೆಯೇ? ದಳವಾಯಿ ಹಚ್ಚಿದ, ಶಾನುಭೋಗ ಹಚ್ಚಿದ, ಎಲೆ ಮಾರುವವರು, ಮಡಕೆ ಮಾಡುವವರು ಎಲ್ಲರೂ ಹಚ್ಚಿದರು. ಪಂಡಿತನ ಮನೆಯ ಉಗ್ರಾಣದಲ್ಲಿ ಭರಣಿಗಳು ಸಾಲುಸಾಲಾಗಿ ನಿಂತವು.

ಹೀಗೇ ಹಬ್ಬ ಹತ್ತಿರ ಬಂತು. ಒಂದು ದಿನ ರಾಜ ಇಡ್ಲಿ ತಿನ್ನುತ್ತಿದ್ದ. ಹೌದು, ಇಡ್ಲಿ. ಹಲ್ಲಿಲ್ಲದ ಅತ್ತೆಯೂ ತಿನ್ನುವಂಥ ಮಲ್ಲಿಗೆ ಇಡ್ಲಿ. ಕಚ್ಚಿದ, ಬಾಯಲ್ಲಿ ಏನೋ ಗಟ್ಟಿ ಸಿಕ್ಕಿತು. ಕಲ್ಲು ಅಂದುಕೊಂಡು ತೆಗೆದು ನೋಡಿದರೆ ಅವನದೇ ಹಲ್ಲು! ನೋವಿಲ್ಲ ಏನಿಲ್ಲ, ಕಳಚಿ ಬಂದಿತ್ತು. ರಾಜ ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ಅವನಿಗೆ ಅಳು ಬಂತು. ಇಡ್ಲಿಗೆ ಬಿದ್ದ ಹಲ್ಲು ಗೋಟಡಿಕೆಯ ಮುಂದೆ ನಿಲ್ಲುತ್ತದೆಯೇ?

ಪಂಡಿತನನ್ನು ಕರೆಸಿದ. ಪಂಡಿತ ಬಂದು ಹಲ್ಲು ನೋಡಿದ.

"ಭಲೆ! ಕೆಟ್ಟ ಹಲ್ಲು ತಾನಾಗೇ ಬಿತ್ತು, ಒಳ್ಳೇದಾಯಿತು. ಪ್ರಭು, ನನ್ನದೊಂದು ಅರಿಕೆ. ಹಬ್ಬಕ್ಕೆ ಮುಂಚೆಯೇ ಕಾಶಿಗೆ ಹೊರಡಬೇಕು ಅಂತಿದ್ದೀನಿ."

"ಹಬ್ಬದ ದಿನ ನೀವು ನನ್ನ ಪಕ್ಕದಲ್ಲಿ ಇರೋದು ಬೇಡವೇ?"

"ನಾನಿಲ್ಲದಿದ್ದರೇನು ಪ್ರಭು, ಲೇಪ ಇರುತ್ತಲ್ಲ!"

ಬಾಗಿಲ ಮರೆಯಲ್ಲಿ ಅತ್ತೆ ನಿಂತಿದ್ದಳು. ಪಂಡಿತ ಹೋದ ಮೇಲೆ ಒಳಗೆ ಬಂದಳು.

"ಬೊಮ್ಮಾ, ದಿನಾ ಬೆಳಿಗ್ಗೆ ನಿನ್ನ ದಿಂಬಿನ ಮೇಲೆ ಇರುವೆ ಸಾಲು. ನಿನ್ನ ಬಾಯಿ ವಾಸನೆಗೆ ಬರ್ತಾವೆ. ಮೂಲಿಕೆಗೆ ಇರುವೆ ಬರೋದು ಎಲ್ಲಾದರೂ ಕಂಡಿದ್ದೀಯಾ?"

"ಸಾಕು ಅತ್ತೆ! ಅವರು ದೊಡ್ಡ ಪಂಡಿತರು. ನಿನ್ನ ಸಗಣಿಗಿಂತ ಅವರ ಲೇಪ ವಾಸಿ."

ಹೆದರಿದ ಮನುಷ್ಯ ಹತ್ತಿರದವರ ಮೇಲೇ ಎಗರುತ್ತಾನೆ. ರಾಜನಿಗೂ ಒಳಗೊಳಗೇ ಅನುಮಾನ ಹುಟ್ಟಿತ್ತು, ಆದರೆ ಊರನ್ನು ಬರೆದುಕೊಟ್ಟು ಆಗಿತ್ತಲ್ಲ. ಈಗ ಮೋಸ ಹೋದೆ ಅಂತ ಒಪ್ಪಿಕೊಳ್ಳುವುದು ಹಲ್ಲು ಕೀಳಿಸಿಕೊಳ್ಳುವುದಕ್ಕಿಂತ ಕಷ್ಟ.

ಮಾರನೆಯ ಬೆಳಿಗ್ಗೆ ಅರಮನೆಯಲ್ಲಿ ಗೋಳೋ ಅಂತ ಅಳು. ರಾಜ ಓಡಿ ಬಂದು ನೋಡಿದರೆ ಅತ್ತೆ ನಡುಮನೆಯಲ್ಲಿ ತಲೆ ಬಿಚ್ಚಿ ಹಾಕಿಕೊಂಡು ಕೂತಿದ್ದಾಳೆ.

"ಹೋಗಿಬಿಟ್ಟರಲ್ಲಪ್ಪಾ! ಉದ್ದಂಡರಸ ಚಿಕ್ಕಪ್ಪ ಹೋಗಿಬಿಟ್ಟರಲ್ಲಪ್ಪಾ!"

"ಯಾವ ಚಿಕ್ಕಪ್ಪ ಅತ್ತೆ?"

"ಅಯ್ಯೋ ಪಾಪಿ, ಗೊತ್ತಿಲ್ವೇನೋ? ನಿನ್ನ ತಾತನ ದೊಡ್ಡಪ್ಪನ ಕಿರೀ ಮಗನ ಮಗ! ಹೊಳೆಯಾಚೆ ಇದ್ದರಲ್ಲ! ಒಂದೇ ಬಳ್ಳಿಯ ದಾಯಾದಿ!"

ರಾಜ ದಳವಾಯಿಯ ಮುಖ ನೋಡಿದ. ದಳವಾಯಿ ಶಾನುಭೋಗನ ಮುಖ ನೋಡಿದ. ಯಾರಿಗೂ ಆ ಚಿಕ್ಕಪ್ಪ ಗೊತ್ತಿಲ್ಲ. ಆದರೆ ಮನೆತನದ ಬಳ್ಳಿ ಪೂರ್ತಿ ತಿಳಿದವಳು ಅತ್ತೆ ಒಬ್ಬಳೇ. ಅವಳು ಸತ್ತರು ಅಂದರೆ ಸತ್ತರು, ಹುಟ್ಟಿದರು ಅಂದರೆ ಹುಟ್ಟಿದರು. ಎದುರಾಡಿ ಗೆದ್ದವರು ಯಾರಿದ್ದಾರೆ? ರಾಜ ತಲೆಗೆ ನೀರು ಹುಯ್ದುಕೊಂಡ. ರಾಜ್ಯಕ್ಕೆಲ್ಲ ಮೂರು ದಿನ ಸೂತಕ ಅಂತ ಡಂಗುರ ಹೊಡೆಸಿದರು. ಎಲೆ ಇಲ್ಲ, ಅಡಿಕೆ ಇಲ್ಲ, ಬಾಯಿಗೆ ಕೆಂಪು ತಾಗಬಾರದು. ಕೋಟೆ ಬಾಗಿಲೂ ಮುಚ್ಚಿತು. ಸೂತಕದಲ್ಲಿ ಯಾರೂ ಗಡಿ ದಾಟುವ ಹಾಗಿಲ್ಲ. ಗಾಡಿ ಕಟ್ಟಿಸಿಕೊಂಡು ಕಾಶಿಗೆ ಹೊರಟಿದ್ದ ಪಂಡಿತ ಗಾಡಿ ಬಿಚ್ಚಿಸಬೇಕಾಯಿತು.

"ಲೇಪವೂ ಬೇಡ. ಅದೂ ಕೆಂಪೇ ತಾನೇ?" ಅಂದಳು ಅತ್ತೆ.

ರಾಜ ಭರಣಿಯ ಮುಚ್ಚಳ ಹಾಕಿ ಪಕ್ಕಕ್ಕಿಟ್ಟ. ಸೂತಕ ಸೂತಕವೇ.

ಮೂರನೆಯ ದಿನ ಸಭೆ ಕರೆದರು. ಸಭೆಯ ಬಾಗಿಲಲ್ಲಿ ಅತ್ತೆ ಮಣೆ ಹಾಕಿಕೊಂಡು ಕೂತಿದ್ದಳು. ಅವಳ ಮುಂದೆ ಸುಣ್ಣ ಬಳಿದ ಅಗಲಬಾಯಿ ಮಡಕೆಗಳು, ಪಕ್ಕದಲ್ಲಿ ತಿಳಿನೀರಿನ ಚೆಂಬುಗಳು.

"ಸೂತಕದ ಬಾಯಿ ಶುದ್ಧ ಇದೆಯೋ ಇಲ್ಲವೋ ನೋಡೋದು ಮನೆ ಹಿರಿಯಳ ಹಕ್ಕು. ಮೂರು ಸಲ ಮುಕ್ಕಳಿಸಿ, ಹಲ್ಲಿನ ಬುಡ ಒಂದು ಸಲ ತೀಡಿ, ಮಡಕೆಗೆ ಉಗಿದು ಒಳಗೆ ಹೋಗಿ. ಮೊದಲು ರಾಜ."

ರಾಜ ಮುಕ್ಕಳಿಸಿ ಉಗಿದ. ಬಿಳಿ ಮಡಕೆಯಲ್ಲಿ ಕೆಂಪು ನೀರು.

"ಅಲ್ಲ, ಅದು ಹಳೇ ಎಲೆಯ ಕಲೆ ತಾಯಿ" ಅಂದ ಪಂಡಿತ ಹಿಂದಿನಿಂದ.

"ಇರಬಹುದು. ಇನ್ನೊಂದು ಸಲ ಬೊಮ್ಮಾ." ಎರಡನೇ ಸಲವೂ ಕೆಂಪು. ಮೂರನೇ ಸಲವೂ ಕೆಂಪು. ಎಲೆ ಬಿಟ್ಟು ಮೂರು ದಿನ ಆಗಿತ್ತು. ರಾಜ ಮಡಕೆಯನ್ನೇ ನೋಡುತ್ತಾ ನಿಂತುಬಿಟ್ಟ. ಸೀಬೆಹಣ್ಣಿನ ಮೇಲೆ ಕಂಡದ್ದಕ್ಕಿಂತ ಇದು ಎಷ್ಟೋ ಹೆಚ್ಚು. ಅಂದರೆ ಇಷ್ಟು ದಿನವೂ ರಕ್ತ ನಿಂತಿರಲಿಲ್ಲ. ಲೇಪದ ಕೆಂಪಿನೊಳಗೆ ಬೆರೆತು ಹರಿಯುತ್ತಲೇ ಇತ್ತು.

ದಳವಾಯಿ ಬಂದ. ಮೀಸೆ ತಿರುವಿ ಉಗಿದ, ಕೆಂಪು. ಶಾನುಭೋಗ ಉಗಿದ, ಕೆಂಪು. ಸಭೆಗೆ ಸಭೆಯೇ ಉಗಿಯಿತು, ಮಡಕೆಗೆ ಮಡಕೆಯೇ ಕೆಂಪಾಯಿತು. ಜಟಾಪಟಿಗೆ ಮೊದಲು ನಿಲ್ಲುವ ದಳವಾಯಿಯೂ ಬಾಯಿಗೆ ಅಂಗವಸ್ತ್ರ ಒತ್ತಿಕೊಂಡು ಮೂಲೆಯಲ್ಲಿ ಕೂತ.

ಕೊನೆಗೆ ಪಂಡಿತನ ಸರದಿ. ಉಗಿದ. ನೀರು ತಿಳಿಯಾಗಿತ್ತು!

ಪಂಡಿತನಿಗೆ ತಡೆಯಲಾಗಲಿಲ್ಲ. ಹೊಗಳಿಸಿಕೊಳ್ಳೋದೇ ಕಸುಬಾದವನು ಸುಮ್ಮನಿರುತ್ತಾನೆಯೇ? "ನೋಡಿದಿರಾ! ನೋಡಿದಿರಾ ರತ್ನಲೇಪದ ಮಹಿಮೆ! ನೀವೆಲ್ಲ ಭಕ್ತಿಯಿಲ್ಲದೆ ಹಚ್ಚಿದಿರಿ, ನಾನು ಭಕ್ತಿಯಿಂದ ಹಚ್ಚಿದೆ!"

ಅತ್ತೆ ಕೈಮುಗಿದಳು. "ಹೌದೇ ಪಂಡಿತರೇ? ನೀವೂ ಇದನ್ನೇ ಹಚ್ಚೋದಾ?"

"ಇನ್ನೇನು ತಾಯಿ? ಹಲ್ಲು ಹುಟ್ಟಿದಾಗಿನಿಂದ ಇದೇ."

"ಬೇರೆ ಏನೂ ಇಲ್ಲ?"

"ಏನೂ ಇಲ್ಲ."

"ಬೇವು ಗೀವು?"

"ಛೆ ಛೆ! ಅದು ದನ ಕಾಯೋರಿಗೆ."

"ಹಾಗಾದರೆ ಮಡಕೆಯಲ್ಲಿ ತೇಲ್ತಾ ಇರೋದು ಏನು ಸ್ವಾಮಿ?"

ಎಲ್ಲರೂ ಬಗ್ಗಿ ನೋಡಿದರು. ತಿಳಿನೀರಿನ ಮೇಲೆ ಒಂದೆಳೆ ನಾರು. ಅದರ ತುದಿಗೆ ಇನ್ನೂ ಹಸಿರು ಸಿಪ್ಪೆ. ಬೇವಿನ ಕಡ್ಡಿ ಅಗಿದು ಹಲ್ಲುಜ್ಜಿದವರ ಬಾಯಲ್ಲಿ ಉಳಿಯುವ ನಾರು. ಅತ್ತೆ ಕಣ್ಣಲ್ಲೇ ಸನ್ನೆ ಮಾಡಿದಳು. ದಳವಾಯಿ ಪಂಡಿತನ ಸೊಂಟದ ವಸ್ತ್ರ ಹಿಡಿದು ಒಂದು ಜಗ್ಗು ಜಗ್ಗಿದ. ಬೇವಿನ ಕಡ್ಡಿಗಳ ಕಟ್ಟೊಂದು ಪಟಪಟ ಅಂತ ನೆಲಕ್ಕೆ ಉದುರಿತು. ಹಸಿ ಕಡ್ಡಿ, ಆವತ್ತು ಬೆಳಿಗ್ಗೆ ಮುರಿದದ್ದು.

ರಾಜ ಮೆಲ್ಲಗೆ ಕೇಳಿದ, "ಲೇಪದಲ್ಲಿ ಏನಿದೆ?"

ಪಂಡಿತ ಹಿಮಾಲಯ ಅಂದ. ರಾಜ ಕತ್ತಿಯ ಹಿಡಿ ಮುಟ್ಟಿದ. ಪಂಡಿತ ಮೂಲಿಕೆ ಅಂದ. ರಾಜ ಕತ್ತಿ ಅರ್ಧ ಎಳೆದ. ಪಂಡಿತ ದಬಕ್ಕಂತ ಕಾಲಿಗೆ ಬಿದ್ದ.

"ಬೆಲ್ಲದ ಪಾಕ ಪ್ರಭು! ಬೆಲ್ಲದ ಪಾಕ, ಚೂರು ಜೇನು, ನೋವು ಮರಗಟ್ಟಲಿ ಅಂತ ಲವಂಗದೆಣ್ಣೆ, ವಾಸನೆಗೆ ಕರ್ಪೂರ!"

"ಕೆಂಪು?"

"ಕಾವಿ ಮಣ್ಣು."

"ಯಾಕೆ?"

ಪಂಡಿತ ತಲೆ ಎತ್ತಲಿಲ್ಲ. "ರಕ್ತ ಕಾಣಬಾರದು ಅಂತ."

ರಾಜನಿಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ನಾಚಿಕೆ ಬಂತು. ಕೊಳೆತ ಒಸಡಿಗೆ ಬೆಳಿಗ್ಗೆ ಸಂಜೆ ಬೆಲ್ಲ ಮೆತ್ತಿಕೊಂಡು, ಮೆತ್ತಿದವನಿಗೆ ಪಲ್ಲಕ್ಕಿ ಕೊಟ್ಟಿದ್ದನಲ್ಲ! ಕತ್ತಿ ಪೂರ್ತಿ ಎಳೆದ. ಅತ್ತೆ ಅಡ್ಡ ಬಂದಳು.

"ತಲೆ ತೆಗೆದರೆ ಯಾರ ಹಲ್ಲೂ ಗಟ್ಟಿಯಾಗಲ್ಲ. ಅವನಿಗೆ ಎರಡು ದಾರಿ ಕೊಡು. ಉಗ್ರಾಣದಲ್ಲಿ ಭರಣಿಗಳು ಇದಾವಲ್ಲ, ಅಷ್ಟೂ ಲೇಪ ಖಾಲಿಯಾಗೋ ತನಕ ಅವನೇ ಬೆಳಿಗ್ಗೆ ಸಂಜೆ ಹಚ್ಚಿಕೊಳ್ಳಲಿ, ನೀರು ಮುಟ್ಟದ ಹಾಗೆ. ಇಲ್ಲ, ಕೊಟ್ಟದ್ದೆಲ್ಲ ಹಿಂದಕ್ಕೆ ಕೊಟ್ಟು, ದಿನಾ ಇಡೀ ಊರಿಗೆ ಬೇವಿನ ತೊಗಟೆ ಕುಟ್ಟಲಿ. ಯಾವುದು ಬೇಕೋ ಅವನೇ ಆರಿಸಿಕೊಳ್ಳಲಿ."

"ಕುಟ್ಟುತ್ತೀನಿ!" ಅಂದ ಪಂಡಿತ. ಅತ್ತೆಯ ಮಾತು ಮುಗಿದಿರಲಿಲ್ಲ, ಅಷ್ಟರಲ್ಲೇ ಅಂದ. ತನ್ನ ಲೇಪ ಎಂಥದ್ದು ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಭೆಯಲ್ಲಿ ಒಂದಿಬ್ಬರು ನಕ್ಕರು, ನಗುವಾಗ ಒಸಡು ನೋವಾಗಿ ನಿಲ್ಲಿಸಿದರು.

ಎಲ್ಲರೂ ಹೋದ ಮೇಲೆ ರಾಜ ಕೇಳಿದ, "ಅತ್ತೆ, ಆ ಉದ್ದಂಡರಸ ಚಿಕ್ಕಪ್ಪ ನಿಜವಾಗಿ ಸತ್ತರಾ?"

"ಸತ್ತಿದ್ದು ನಿಜ ಕಣೋ. ನಾನು ಲಂಗ ಉಡುತ್ತಿದ್ದಾಗ ಸತ್ತರು. ನಿನಗೆ ಹೇಳೋದು ಮರೆತಿದ್ದೆ. ಸುದ್ದಿ ಮುಟ್ಟಿದ ದಿನದಿಂದ ತಾನೇ ಸೂತಕ?"

ರಾಜ ನಗಲಿಲ್ಲ. ಅವಳ ಕಾಲ ಬಳಿ ಕೂತ. "ಅತ್ತೆ, ನಿನ್ನ ಮದ್ದು ಕೊಡು. ಹಬ್ಬದ ಹೊತ್ತಿಗೆ ಹಲ್ಲು ಗಟ್ಟಿಯಾಗುತ್ತಾ?"

"ಸುಳ್ಳು ಹೇಳಲ್ಲ. ಬಿದ್ದಿದ್ದು ಬರಲ್ಲ. ಅಲ್ಲಾಡೋದು ನಿಲ್ಲುತ್ತೋ ಇಲ್ಲವೋ ಗೊತ್ತಿಲ್ಲ. ಕೊಳೆಯೋದು ನಿಲ್ಲಬಹುದು. ಅಡಿಕೆ ಒಡೆಯೋ ಮಾತು ಮಾತ್ರ ಆಡಬೇಡ."

ಈ ಸಲ ರಾಜ ಭಲೆ ಬೇಕು ಅನ್ನಲಿಲ್ಲ. ಹಲ್ಲು ಕೀಳುವವನನ್ನು ಕರೆಸಿ ಹಲ್ಲಿನ ಬುಡದಲ್ಲಿ ಗಾರೆ ಹಾಗೆ ಕಟ್ಟಿದ್ದ ಕೊಳೆ ಕೆರೆಸಿದ. ಎಲೆ ಅಡಿಕೆ ಬಿಟ್ಟ. ಬೆಳಿಗ್ಗೆ ಸಂಜೆ ಅತ್ತೆಯ ಕಹಿ ಲೇಪದಲ್ಲಿ ಒಸಡು ತೀಡಿ, ಬಿಳಿ ಮಡಕೆಗೆ ಉಗಿದು ನೋಡಿದ. ಮೊದಮೊದಲು ರಕ್ತ. ಆಮೇಲೆ ಗೆರೆಯಷ್ಟು. ಆಮೇಲೆ ಚುಕ್ಕಿಯಷ್ಟು. ಇನ್ನೊಂದು ಹಲ್ಲು ಬಿತ್ತು, ಎರಡು ಅಲ್ಲಾಡುತ್ತಲೇ ಇದ್ದವು, ಮಿಕ್ಕವು ಹಿಡಿದು ನಿಂತವು. ಊರವರೂ ಹಾಗೇ ಮಾಡಿದರು. ಪಂಡಿತ ಕೋಟೆ ಬಾಗಿಲ ಪಕ್ಕದಲ್ಲಿ ಒರಳು ಇಟ್ಟುಕೊಂಡು ಕುಟ್ಟಿದ್ದೇ ಕುಟ್ಟಿದ್ದು.

ವೀಳ್ಯದ ಹಬ್ಬ ಬಂದೇಬಿಟ್ಟಿತು. ಕೋಟೆ ಬಾಗಿಲ ಮುಂದೆ ಜನವೋ ಜನ. ರಾಜ ಮೆಟ್ಟಿಲ ಮೇಲೆ ನಿಂತ. ಒಂದು ಚೆಂಬು ತಿಳಿನೀರು ತೆಗೆದುಕೊಂಡು ಎಲ್ಲರ ಎದುರಿಗೆ ಮುಕ್ಕಳಿಸಿದ, ಬಿಳಿ ಮಡಕೆಗೆ ಉಗಿದ, ಮಡಕೆ ಎತ್ತಿ ತೋರಿಸಿದ. ನೀರು ತಿಳಿಯಾಗಿತ್ತು.

"ಒಸಡು ಮಾಯುತ್ತಾ ಇದೆ. ಹಲ್ಲು ಮಾತ್ರ ಗೋಟಡಿಕೆ ತಡೆಯೋದಿಲ್ಲ. ತಡೆಯುತ್ತೆ ಅಂತ ನಿಮಗೆ ಸುಳ್ಳು ಹೇಳಲಾರೆ. ನಿಮ್ಮಲ್ಲಿ ಯಾರ ಹಲ್ಲು ಗಟ್ಟಿಯಿದೆಯೋ ಬನ್ನಿ. ಒಡೆಯಿರಿ. ಗದ್ದುಗೆ ಬಿಟ್ಟುಕೊಡುತ್ತೇನೆ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ತಮ್ಮ ಬಾಯಿಯ ಕಥೆ ಅವರವರಿಗೆ ಗೊತ್ತಿತ್ತು. ಯಾರೂ ಮುಂದೆ ಬರಲಿಲ್ಲ.

ಆಗ ಒರಳಿನ ಸದ್ದು ನಿಂತಿತು. ಕರ್ಪೂರ ಪಂಡಿತ ಒನಕೆ ಬಿಸಾಕಿ ಎದ್ದು ನಿಂತ. ಇಡೀ ಎಲೆದುರ್ಗದಲ್ಲಿ ಬೇವಿನ ಕಡ್ಡಿ ಅಗಿದು ಬೆಳೆದ ಗಟ್ಟಿ ಹಲ್ಲು ಅವನೊಬ್ಬನದೇ!

"ನಾನು ಒಡೆಯುತ್ತೇನೆ" ಅಂದ. "ಕಟ್ಟಳೆ ಕಟ್ಟಳೆಯೇ. ಒಡೆದವನೇ ರಾಜ."

ಅತ್ತೆಯ ಮುಖ ಬಿಳಿಚಿಕೊಂಡಿತು. ಅವಳು ಇದನ್ನು ಎಣಿಸಿರಲಿಲ್ಲ. ಕಟ್ಟಳೆಯೇನೋ ಹಾಗೇ ಇತ್ತು, ಯಾರೂ ತಡೆಯುವ ಹಾಗಿರಲಿಲ್ಲ. ರಾಜ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಆದರೆ ಅಡಿಕೆ ಬೇಕಲ್ಲ? ಹಬ್ಬದ ಅಡಿಕೆ ಊರವರ ಕೈಯಿಂದಲೇ ಬರಬೇಕು, ಒಡೆಯುವವನು ತಾನೇ ತರುವ ಹಾಗಿಲ್ಲ. ಪಂಡಿತ ಜನರ ಕಡೆ ತಿರುಗಿ ಕೈ ಚಾಚಿದ. "ಕೊಡಿ, ಅಡಿಕೆ ಕೊಡಿ!"

ದಳವಾಯಿಯ ಮುಂದೆ ಚಾಚಿದ. ದಳವಾಯಿ ತನ್ನ ಎಲೆ ಚೀಲದ ದಾರ ಎಳೆದು ಬಾಯಿ ಬಿಗಿದ. ಮಡಕೆ ಮಾಡುವವನ ಮುಂದೆ ಚಾಚಿದ. ಅವನೂ ಬಿಗಿದ. ಎಲೆ ಮಾರುವ ಸಾತವ್ವನ ಮುಂದೆ ಚಾಚಿದ. ಅವಳ ಮುಂದೆ ಬುಟ್ಟಿ ತುಂಬ ಅಡಿಕೆ ಇತ್ತು. ಅವಳು ಸೆರಗನ್ನು ಬುಟ್ಟಿಯ ಮೇಲೆ ಎಳೆದುಕೊಂಡಳು.

"ನಮ್ಮ ಬಾಯಿಗೆ ಮಣ್ಣು ಹಾಕಿದೋನೇ, ನಿನ್ನ ಕೈಗೆ ಅಡಿಕೆ ಬೇರೆ ಕೇಡು!" ಅಂದಳು.

ಪಂಡಿತ ಆ ತುದಿಯಿಂದ ಈ ತುದಿಗೆ ಹೋದ, ಈ ತುದಿಯಿಂದ ಆ ತುದಿಗೆ ಬಂದ. ಅಡಿಕೆಯೇ ಪ್ರಾಣ ಅನ್ನುವ ಊರಲ್ಲಿ ಅವನಿಗೆ ಒಂದೇ ಒಂದು ಅಡಿಕೆ ಹುಟ್ಟಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರಲ್ಲ, ಅವತ್ತು ಊರೇ ಅದನ್ನು ಕಣ್ಣಾರೆ ನೋಡಿತು. ಚಾಚಿದ ಕೈ ಮಡಚಿಕೊಂಡು, ಗಟ್ಟಿ ಹಲ್ಲು ಬಾಯಲ್ಲೇ ಇಟ್ಟುಕೊಂಡು, ಅವನು ಕೋಟೆ ಬಾಗಿಲು ದಾಟಿ ಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಸಾತವ್ವ ಬುಟ್ಟಿಯಿಂದ ಒಂದು ಗೋಟಡಿಕೆ ತೆಗೆದಳು. ಸೊಂಟದಿಂದ ಅಡಕತ್ತರಿ ತೆಗೆದು ಕಟಕ್ಕಂತ ಎರಡು ಹೋಳು ಮಾಡಿದಳು. ಮೆಟ್ಟಿಲು ಹತ್ತಿ ರಾಜನ ಅಂಗೈಯಲ್ಲಿ ಇಟ್ಟಳು.

"ತಗೊಳ್ಳಿ ಬುದ್ಧೀ. ಅಡಿಕೆ ಒಡೆಯೋಕೆ ಕತ್ತರಿ ಇದೆ. ನೀವು ರಾಜ್ಯ ಆಳಿ."

ಕಟ್ಟಳೆ ನೋಡಿಕೊಳ್ಳುವ ಊರ ಗೌಡರು ಏನಾದರೂ ಅಂದಾರು ಅಂತ ಎಲ್ಲರೂ ಅವರ ಕಡೆ ನೋಡಿದರು. ಗೌಡರು ಗಡ್ಡ ಕೆರೆದುಕೊಂಡು, "ಒಡೆದಿದೆಯಲ್ಲ, ಸಾಕು" ಅಂದರು. ಜನ ಹೋ ಅಂತ ಕೂಗಿದರು. ರಾಜ ಆ ಹೋಳುಗಳನ್ನು ಕಣ್ಣಿಗೊತ್ತಿಕೊಂಡ. ಕಣ್ಣಲ್ಲಿ ನೀರು ತುಂಬಿತ್ತು. ಬಾಯಿಗೆ ಮಾತ್ರ ಹಾಕಿಕೊಳ್ಳಲಿಲ್ಲ. ಅತ್ತೆ ನೋಡುತ್ತಿದ್ದಳಲ್ಲ!

ನೋಡಿದಿರಾ ಮಕ್ಕಳೇ? ಇರುವ ರೋಗವನ್ನು ಬಣ್ಣ ಬಳಿದು ಮುಚ್ಚುವವನು ವೈದ್ಯನಲ್ಲ, ಸಿಹಿಯಾದದ್ದೆಲ್ಲ ಮದ್ದಲ್ಲ. ತಾನು ಬಾಯಿಗೆ ಇಡದ್ದನ್ನು ಊರ ಬಾಯಿಗೆ ಇಡುವವನ ಹಲ್ಲು ಎಷ್ಟು ಗಟ್ಟಿಯಿದ್ದರೂ ಅವನನ್ನು ಯಾರೂ ನಂಬುವುದಿಲ್ಲ. ತನ್ನ ನೋವನ್ನು ಇದ್ದ ಹಾಗೆ ಒಪ್ಪಿಕೊಂಡವನಿಗೆ ಹಲ್ಲು ಹೋದರೂ ಜನ ಉಳಿಯುತ್ತಾರೆ.

ಎಲೆದುರ್ಗ ಅಲ್ಲೇ ಇರಲಿ, ನಾವು ಇಲ್ಲಿಗೆ ಏಳೋಣ. ಹೋಗಿ, ಬಾಯಿ ತೊಳೆದುಕೊಂಡು ಮಲಗಿ. ಉಗಿದ ನೀರನ್ನು ಒಂದು ಸಲ ನೋಡಿ ಮಲಗಿ.